ಮರಿ ಬೆಳಿಗ್ಗೆ, ಸಸಿ ಸಂಜೆ: ಬೇಸಿಗೆಗೆ ನಮ್ಮ ವಿತರಣೆ ಸಮಯ ಬದಲಾಗಿದೆ

ಚಳ್ಳಕೆರೆ

ಸಂಘದ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಶಿವರಾತ್ರಿಯ ಮಾರನೇ ದಿನದಿಂದ ಮೃಗಶಿರ ಮಳೆ ಹಿಡಿಯುವ ತನಕ ಕೋಳಿಮರಿ ಕೊಡುವುದು ಬೆಳಿಗ್ಗೆ 5ರಿಂದ 7.30ರವರೆಗೆ ಮಾತ್ರ. ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿ ಕೊಡುವುದು ಸಂಜೆ 4.30ರಿಂದ 6.30ರವರೆಗೆ ಮಾತ್ರ. ಮರಿ ಪೆಟ್ಟಿಗೆಗೆ 100ರ ಬದಲು 80 ಹಾಕುತ್ತೇವೆ, ಮರಿಯ ದರ ಹಳೆಯದೇ. ಸಸಿಯನ್ನು ಶೇಡ್‌ನೆಟ್‌ನಿಂದ ಹೊರಗಿಟ್ಟು ಎಂಟು ದಿನ ಬಿಸಿಲಿಗೆ ಒಗ್ಗಿಸಿದ ಮೇಲೆಯೇ ಕೊಡುತ್ತೇವೆ. ಆದ್ದರಿಂದ ಬುಕಿಂಗ್ ಎಂಟು ದಿನ ಮುಂಚೆ ಆಗಬೇಕು, ದರ ಸಸಿಗೆ 10 ಪೈಸೆ ಹೆಚ್ಚು.

ಎರಡನ್ನೂ ಒಂದೇ ಹೊತ್ತಿಗೆ ಕೊಟ್ಟರೆ ಒಂದೇ ಬಾಡಿಗೆಯಲ್ಲಿ ಮುಗಿಯುತ್ತಲ್ಲ ಎಂದು ಕೌಂಟರಿನಲ್ಲಿ ಕೇಳುವವರಿದ್ದಾರೆ. ಮೊಳಕಾಲ್ಮುರು, ಜಗಳೂರು ಕಡೆಯಿಂದ ಬರುವವರಿಗೆ ಎರಡು ಓಡಾಟ ಹೊರೆಯೇ. ಆದರೂ ಕೊಡುವುದಿಲ್ಲ. ಮರಿ ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಹೆಚ್ಚಾದದ್ದನ್ನು ಹೊರಗೆ ಹಾಕಲು ಅದಕ್ಕೆ ದಾರಿ ಬೇಕು. ಸಸಿ ಹುಟ್ಟಿಸುವ ಕಾವು ಲೆಕ್ಕಕ್ಕೇ ಇಲ್ಲ. ಮೇಲೆ ಬೀಳುವ ಬಿಸಿಲೇ ಅದರ ಊಟ, ಮಿತಿ ಮೀರಿದರೆ ಅದೇ ಬಿಸಿಲು ಅದರ ಕಂಟಕ. ಒಂದಕ್ಕೆ ಮುಂದೆ ಹಗಲು ಇರಬೇಕು, ಇನ್ನೊಂದಕ್ಕೆ ಮುಂದೆ ರಾತ್ರಿ ಇರಬೇಕು.

ಮೊದಲು ಕೋಳಿಯ ವಿಷಯ. ಅದಕ್ಕೆ ಬೆವರು ಗ್ರಂಥಿಗಳಿಲ್ಲ. ಬೆಳೆದ ಕೋಳಿಯ ಮೈ ಕಾವು 41 ಡಿಗ್ರಿ ಆಸುಪಾಸು, ನಮಗಾದರೆ ಅದು ತಲೆಗೇರಿದ ಜ್ವರ. ಹೊರಗೆ 25 ಡಿಗ್ರಿ ಇದ್ದಾಗ ಮೈಯ ಕಾವು ಗಾಳಿಗೆ ತಾನಾಗಿ ಇಳಿಯುತ್ತದೆ. ಜುಟ್ಟು, ಗದ್ದದ ಜೋಲು, ಕಾಲು, ರೆಕ್ಕೆಯ ಅಡಿ, ಇವೇ ಅದರ ಕಿಟಕಿಗಳು. ಏಪ್ರಿಲ್ ಮಧ್ಯಾಹ್ನ ಇಲ್ಲಿ 39 ಡಿಗ್ರಿ ಆದಾಗ ಕೋಳಿಗೂ ಗಾಳಿಗೂ ಇರುವ ಅಂತರ ಎರಡೇ ಡಿಗ್ರಿ. ಇಳಿಯಲು ಇಳಿಜಾರೇ ಇಲ್ಲದ ಹಾಗೆ. ಆಗ ಉಳಿಯುವುದು ಉಸಿರಿನ ದಾರಿ ಒಂದೇ: ಬಾಯಿ ತೆರೆದು, ಗಂಟಲು ಪಟಪಟ ಆಡಿಸಿ, ಒಳಗಿನ ನೀರನ್ನು ಆವಿ ಮಾಡುವುದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೋ ಕ್ಯಾಲರಿ ಕಾವನ್ನು ಹೊತ್ತೊಯ್ಯುತ್ತದೆ. ಉಪಾಯ ಒಳ್ಳೆಯದೇ, ಆದರೆ ಸುತ್ತಲಿನ ಗಾಳಿ ಒಣಗಿದ್ದರೆ ಮಾತ್ರ ನಡೆಯುತ್ತದೆ.

ಒಂದು ದಿನದ ಮರಿಯ ಕಷ್ಟ ಇದಕ್ಕೆ ತಿರುಗುಮುರುಗು. ಅದಕ್ಕೆ ಇರುವುದು ನಯವಾದ ತುಪ್ಪಳ, ಗರಿಯಲ್ಲ. ಕಾವು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಕಳೆದುಕೊಳ್ಳುವುದೂ ಸರಿಯಾಗಿ ಬರುವುದಿಲ್ಲ; ಎರಡನ್ನೂ ಕಲಿಯಲು ಎರಡು ಮೂರು ವಾರ ಬೇಕು. ಪೆಟ್ಟಿಗೆಯೊಳಗೆ 32 ಡಿಗ್ರಿ ಇದ್ದರೆ ಅದಕ್ಕೆ ಸುಖ. ಬೆಳಗಿನ ಜಾವ ಹೊರಗೆ 24 ಡಿಗ್ರಿ ಇರುವಾಗ ಮರಿಗಳ ಮೈ ಕಾವಿನಿಂದಲೇ ಒಳಗೆ ಆ ಹದ ಬರುತ್ತದೆ. ಅದೇ ಪೆಟ್ಟಿಗೆ ಹನ್ನೊಂದು ಗಂಟೆಯ ಬಸ್ಸಿನ ಟಾಪ್ ಏರಿದರೆ ಒಳಗೆ 40 ದಾಟುತ್ತದೆ. ಮರಿಗಳು ಏದುಸಿರು ಬಿಡುತ್ತವೆ, ಆ ಉಸಿರಿನ ತೇವದಿಂದ ಒಳಗಿನ ಗಾಳಿ ಒದ್ದೆಯಾಗುತ್ತದೆ, ಒದ್ದೆ ಗಾಳಿಯಲ್ಲಿ ಏದುಸಿರು ಕೆಲಸ ಮಾಡುವುದಿಲ್ಲ. ಪೆಟ್ಟಿಗೆಯ ನಾಲ್ಕು ಖಾನೆಗೂ 25ರ ಬದಲು 20 ಮರಿ ಹಾಕುತ್ತಿರುವುದು ಅದಕ್ಕೇ.

ತಂಪಾಗಲಿ ಎಂದು ಪೆಟ್ಟಿಗೆ ಮೇಲೆ ಒದ್ದೆ ಗೋಣಿ ಹೊದಿಸಬೇಡಿ. ಪಕ್ಕದ ತೂತು ಮುಚ್ಚಿ, ತೇವ ಇನ್ನಷ್ಟು ಏರಿ, ಮರಿ ಬೆಂದ ಹಾಗೆ ಸಾಯುತ್ತದೆ. ಪೆಟ್ಟಿಗೆಗಳ ನಡುವೆ ನಾಲ್ಕು ಬೆರಳು ಸಂದಿ ಬಿಡಿ, ಕಾರಿನ ಡಿಕ್ಕಿಯಲ್ಲಂತೂ ಇಡಲೇಬೇಡಿ. ಗಾಡಿ ಓಡುತ್ತಿರುವಾಗ ಗಾಳಿ ಆಡುತ್ತದೆ. ಅನಾಹುತ ಆಗುವುದು ನಿಂತಾಗ. ದಾರಿಯಲ್ಲಿ ಚಹಾಕ್ಕೆ, ಮಿರ್ಚಿಮಂಡಕ್ಕಿಗೆ ನಿಲ್ಲಿಸಿದ ಇಪ್ಪತ್ತು ನಿಮಿಷ ಸಾಕು.

7.30ರ ಒಳಗೆ ಹೊರಟರೆ ಬಿಸಿಲು ಏರುವ ಮುಂಚೆ ಮರಿ ಬ್ರೂಡರ್ (ಬಲ್ಬಿನಿಂದ ಕಾವು ಕೊಡುವ ಗೂಡು) ಸೇರುತ್ತದೆ, ನೋಡಿಕೊಳ್ಳಲು ನಿಮಗೆ ಇಡೀ ಹಗಲು ಸಿಗುತ್ತದೆ. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಉಳಿದಿರುವುದರಿಂದ ಮರಿಗೆ ಮೇವಿನ ಅವಸರ ಇಲ್ಲ, ನೀರಿನದ್ದು ಇದೆ. ಇಳಿಸಿದ ತಕ್ಷಣ ಬೆಲ್ಲದ ನೀರು ಕೊಡಿ, ಕೆಲವು ಮರಿಗಳ ಕೊಕ್ಕನ್ನು ನೀವೇ ಅದ್ದಿ ತೋರಿಸಿ. ಉಳಿದವು ನೋಡಿ ಕಲಿಯುತ್ತವೆ. ಮೊದಲ ವಾರ ಬಲ್ಬಿನ ಕೆಳಗೆ 33ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಹೋಗಿ. ಥರ್ಮಾಮೀಟರ್‌ಗಿಂತ ಮರಿಯನ್ನೇ ನಂಬಿ. ಬಲ್ಬಿನ ಕೆಳಗೆ ಗುಂಪುಗಟ್ಟಿ ಕಿರುಚುತ್ತಿದ್ದರೆ ಚಳಿ. ತಡಿಕೆಯ ಅಂಚಿಗೆ ಹೋಗಿ ರೆಕ್ಕೆ ಇಳಿಬಿಟ್ಟು ಬಾಯಿ ತೆರೆದಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಕೆದರುತ್ತಿದ್ದರೆ ಸರಿ. ಅನುಮಾನ ಇದ್ದರೆ ಒಂದು ಮರಿ ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ. ತಣ್ಣಗಿದ್ದರೆ ಮರಿ ಚಳಿಯಲ್ಲಿದೆ ಎಂದೇ ಅರ್ಥ. ಬೇಸಿಗೆಯ ಹಗಲು ಬಲ್ಬೇ ಬೇಡವಾಗಬಹುದು, ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಒಮ್ಮೆ ನೋಡಿ.

ಮೊಟ್ಟೆ ಕೋಳಿ ಸಾಕಿದವರಿಗೆ ಇನ್ನೆರಡು ಮಾತು. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ಮೊಟ್ಟೆ ಚಿಪ್ಪಿನ ಸುಣ್ಣ ಕಟ್ಟಲು ಬೇಕಾದ ಬೈಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ. ಮೇ ತಿಂಗಳಲ್ಲಿ ಚಿಪ್ಪು ತೆಳುವಾದರೆ ಮೇವಿನ ಚೀಲದ ಮೇಲೆ ಸಿಟ್ಟಾಗುವ ಮುಂಚೆ ಶೆಡ್ಡಿನ ಸೆಕೆ ನೋಡಿ. ಮೇವು ಜೀರ್ಣವಾಗುವಾಗಲೂ ಕಾವು ಹುಟ್ಟುತ್ತದೆ, ತಿಂದ ಕೆಲವು ಗಂಟೆಗಳ ನಂತರ ಅದು ಹೆಚ್ಚು. ಹತ್ತು ಗಂಟೆಗೆ ಹೊಟ್ಟೆ ತುಂಬ ತಿಂದ ಕೋಳಿಗೆ ಎರಡು ಗಂಟೆಯ ಬಿಸಿಲಿನ ಜೊತೆಗೆ ಹೊಟ್ಟೆಯ ಬೆಂಕಿಯೂ ಸೇರುತ್ತದೆ. ಹತ್ತರಿಂದ ನಾಲ್ಕರವರೆಗೆ ಮೇವು ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಕರಿ ಟ್ಯಾಂಕಿನಲ್ಲಿ ಕಾದ ನೀರನ್ನು ಕೋಳಿ ಮುಟ್ಟುವುದಿಲ್ಲ. ಟ್ಯಾಂಕಿಗೆ ನೆರಳು ಮಾಡಿ ಒದ್ದೆ ಗೋಣಿ ಸುತ್ತಿ. ಗೋಣಿಯ ಜಾಗ ಅದು, ಮರಿ ಪೆಟ್ಟಿಗೆಯಲ್ಲ.

ಈಗ ಸಸಿ. ಎಲೆಯ ಅಡಿಯಲ್ಲಿ ಹೆಚ್ಚಾಗಿರುವ ಪತ್ರರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೆಳಕಿನ ಬಲದಿಂದ ನೀರನ್ನು ಒಡೆದು, ಆ ಗಾಳಿಯ ಜೊತೆ ಸೇರಿಸಿ ಸಕ್ಕರೆ ಮಾಡುವುದೇ ದ್ಯುತಿಸಂಶ್ಲೇಷಣೆ. ನಾವು ಉಸಿರಾಡುವ ಆಮ್ಲಜನಕ ಆ ಒಡೆದ ನೀರಿನದ್ದು. ಊಟ ಬರುವ ಬಾಗಿಲೂ ಮೈ ತಂಪಾಗುವ ಬಾಗಿಲೂ ಒಂದೇ ಆಗಿರುವುದೇ ಸಸಿಯ ಫಜೀತಿ. ಬೇರು ಸಾಕಷ್ಟು ನೀರು ಕಳಿಸದಿದ್ದರೆ ಬಾಗಿಲು ಮುಚ್ಚುತ್ತದೆ. ಸಕ್ಕರೆಯೂ ನಿಂತಿತು, ತಂಪೂ ನಿಂತಿತು, ಎಲೆಯ ಕಾವು ಹೊರಗಿನ ಗಾಳಿಯನ್ನೂ ಮೀರಿ ಏರುತ್ತದೆ.

50 ಶೇಕಡಾ ನೆಟ್, ಅಂದರೆ ಅರ್ಧ ಬಿಸಿಲು ತಡೆಯುವ ನೆರಳು ಪರದೆಯ ಅಡಿಯಲ್ಲಿ ಬೆಳೆದ ಎಲೆ ಅಗಲ, ತೆಳು, ಕಡು ಹಸಿರು. ಕಡಿಮೆ ಬೆಳಕನ್ನೂ ಬಿಡದೆ ಹಿಡಿಯಲು ಅದು ತನ್ನನ್ನು ಹಾಗೆ ಮಾಡಿಕೊಂಡಿರುತ್ತದೆ. ಅದನ್ನು ಒಮ್ಮೆಗೇ ಬಯಲಿಗೆ ತಂದರೆ ಹಿಡಿದ ಬೆಳಕನ್ನು ಬಳಸಲೂ ಆಗದೆ ಚೆಲ್ಲಲೂ ಆಗದೆ ಪತ್ರಹರಿತ್ತಿನ ಯಂತ್ರವೇ ಕೆಡುತ್ತದೆ. ಮೂರನೇ ದಿನ ಎಲೆಯ ಮೇಲೆ ಕಾಗದದಂಥ ಬಿಳಿ ಮಚ್ಚೆ ಕಂಡರೆ ಅದು ರೋಗವಲ್ಲ, ಔಷಧಿ ಹೊಡೆಯಬೇಡಿ. ಬಿಸಿಲಿಗೆ ಸುಟ್ಟದ್ದು ಅದು.

ಎಂಟು ದಿನದಲ್ಲಿ ನಾವು ಮಾಡುವುದು ಇಷ್ಟು. ಮೊದಲೆರಡು ದಿನ ಬೆಳಗಿನ ಎರಡು ಗಂಟೆ ಬಿಸಿಲು, ಆಮೇಲೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚು, ಕೊನೆಯ ಎರಡು ದಿನ ಪೂರ್ತಿ ಬಿಸಿಲು. ಆ ವಾರ ಸಾರಜನಕ ಗೊಬ್ಬರ ಇಲ್ಲ. ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಎತ್ತಿದಾಗ ಹಗುರ ಅನಿಸಿದ ಮೇಲೆಯೇ ನೀರು. ಎಲೆ ದಪ್ಪಗಾಗುತ್ತದೆ, ಮೇಣದ ಪೊರೆ ಬರುತ್ತದೆ, ಟೊಮೆಟೊ ಕಾಂಡ ನೇರಳೆಗೆ ತಿರುಗುತ್ತದೆ. ಸಸಿ ಕುಳ್ಳಗೆ ಕಾಣುತ್ತದೆ, ಪಕ್ಕದ ನರ್ಸರಿಯ ಎತ್ತರದ ಹಸಿರು ಸಸಿಯ ಮುಂದೆ ಸಪ್ಪೆಯೂ ಕಾಣಬಹುದು. ನಮ್ಮ ಪ್ರಕಾರ ಬೇಸಿಗೆಗೆ ಕುಳ್ಳ ಸಸಿಯೇ ಸಸಿ.

ಸಂಜೆಯೇ ಏಕೆ? 98 ಗುಳಿಯ ಟ್ರೇಯಿಂದ ಕೀಳುವಾಗ ಬೇರಿನ ತುದಿಯ ನಯವಾದ ರೋಮಗಳು ಎಷ್ಟೋ ಹರಿಯುತ್ತವೆ, ನೀರು ಹೀರುವುದು ಅವೇ. ಸಂಜೆ ಐದಕ್ಕೆ ಒಯ್ದು ಕತ್ತಲಾಗುವುದರೊಳಗೆ ನೆಟ್ಟರೆ ರಾತ್ರಿಯಿಡೀ ಬಾಗಿಲು ಮುಚ್ಚಿರುತ್ತದೆ, ಎಲೆ ನೀರು ಕೇಳುವುದಿಲ್ಲ, ಬೇರು ಸಾವಕಾಶವಾಗಿ ಮಣ್ಣು ಹಿಡಿಯುತ್ತದೆ. ಬೆಳಿಗ್ಗೆ ನೆಟ್ಟ ಸಸಿಗೆ ಆ ಬಿಡುವಿಲ್ಲ. ಬೆಳಿಗ್ಗೆ ಒಯ್ದು ಸಂಜೆವರೆಗೆ ಟಾರ್ಪಾಲ್ ಅಡಿ ಇಡುವುದು ಇನ್ನೂ ಕೆಟ್ಟದ್ದು: ಕತ್ತಲಲ್ಲಿ ಸಕ್ಕರೆ ಹುಟ್ಟುವುದಿಲ್ಲ, ಆದರೆ ಸಸಿಯ ಉಸಿರಾಟ ನಿಲ್ಲುವುದಿಲ್ಲ, 10 ಡಿಗ್ರಿ ಕಾವು ಏರಿದರೆ ಅದರ ಖರ್ಚು ಸುಮಾರು ಎರಡರಷ್ಟಾಗುತ್ತದೆ.

ನೆಡುವ ಮುಂಚೆ ಡ್ರಿಪ್ ಬಿಟ್ಟು ಸಾಲು ತೋಯಿಸಿ. ಮಧ್ಯಾಹ್ನ ಬರಿ ಮಣ್ಣಿನ ಮೇಲ್ಮೈ 50 ಡಿಗ್ರಿ ದಾಟುತ್ತದೆ. ಮಣ್ಣಿಗೆ ಹೊದಿಸುವ ಮಲ್ಚಿಂಗ್ ಹಾಳೆಯ ಬೆಳ್ಳಿ ಬಣ್ಣ ಮೇಲಿರಲಿ. ತೂತಿನ ಅಂಚು ಕಾಂಡಕ್ಕೆ ತಾಗಿದರೆ ಅಲ್ಲೇ ಬರೆ ಎಳೆದ ಹಾಗೆ ಸುಡುತ್ತದೆ, ಆದ್ದರಿಂದ ಒಂದು ಹಿಡಿ ಮಣ್ಣು ಒತ್ತಿ.

ಮೆಕ್ಕೆಜೋಳ ಅದೇ ಬಿಸಿಲಿನಲ್ಲಿ ನೆಟ್ಟಗೆ ನಿಂತಿರುತ್ತದಲ್ಲ ಎಂದರೆ, ಅದರ ಒಳಗಿನ ಕಸುಬೇ ಬೇರೆ. ಟೊಮೆಟೊ, ಮೆಣಸಿನಕಾಯಿಯಲ್ಲಿ ಗಾಳಿ ಹಿಡಿಯುವ ಕಿಣ್ವ ಸೆಕೆ ಏರಿದಂತೆ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನೂ ಹಿಡಿದು ಕೆಲಸ ಕೆಡಿಸಿಕೊಳ್ಳುತ್ತದೆ. ಮೆಕ್ಕೆಜೋಳ, ಜೋಳ, ರಾಗಿ ಮೊದಲು ಬೇರೊಂದು ಕಿಣ್ವದಿಂದ ಅದನ್ನು ಹಿಡಿದು ಒಳಗೆ ಒತ್ತೊತ್ತಾಗಿ ತುಂಬುತ್ತವೆ. ಬದುವಿನ ಕತ್ತಾಳೆ ಇವರೆಲ್ಲರಿಗಿಂತ ಜಾಣ: ರಾತ್ರಿ ಬಾಗಿಲು ತೆರೆದು ಗಾಳಿ ತುಂಬಿಟ್ಟುಕೊಂಡು, ಹಗಲು ಬಾಗಿಲು ಹಾಕಿಕೊಂಡೇ ಅಡುಗೆ ಮಾಡುತ್ತದೆ. ಕತ್ತಾಳೆ ಸಸಿ ಬೇಕಾದವರು ನಡು ಮಧ್ಯಾಹ್ನ ಬಂದರೂ ಕೊಡುತ್ತೇವೆ.

ಎರಡು ಓಡಾಟ ಆಗದವರು ಮರಿ ಒಂದು ವಾರ, ಸಸಿ ಮುಂದಿನ ವಾರ ಬರುವಂತೆ ಬುಕ್ ಮಾಡಿಸಿ, ದಿನ ಹೊಂದಿಸಿ ಕೊಡುತ್ತೇವೆ. ನಡುವೆ ಮೂರು ದಿನ ಮೋಡ ಕವಿದರೆ ಒಗ್ಗಿಸುವ ದಿನ ಅಷ್ಟು ಮುಂದಕ್ಕೆ ಹೋಗುತ್ತದೆ, ಮೋಡದ ಬೆಳಕಿನಲ್ಲಿ ಎಲೆ ಗಟ್ಟಿಯಾಗುವುದಿಲ್ಲ. ಹಾಗಾದಾಗ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುತ್ತೇವೆ. ಖಾಲಿ ಪ್ರೋಟ್ರೇಗಳನ್ನು ತೊಳೆದು ತನ್ನಿ, ಠೇವಣಿ ಅಲ್ಲೇ ವಾಪಸ್.

ಇಂತಿ,
ಸಂಘದ ಕಾರ್ಯದರ್ಶಿ ಮತ್ತು ಸಿಬ್ಬಂದಿ