ಹಳೆಯ ಲಾರಿಗಳ ಸದ್ದು ದಾಖಲಾಗಲಿ

ಮಾನ್ಯ ಸಂಪಾದಕರೇ,

ಸಂಡೂರಿನ ಅದಿರು ಹೇರಿಕೊಂಡು ಏರು ರಸ್ತೆಯಲ್ಲಿ ಬರುತ್ತಿದ್ದ ಹಳೆಯ ಟಾಟಾ, ಲೇಲ್ಯಾಂಡ್ ಲಾರಿಗಳನ್ನು ಕಣ್ಣಿಗೆ ಬೀಳುವ ಮೊದಲೇ ಸದ್ದಿನಿಂದ ಗುರುತಿಸುವವರು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಗೇರ್ ಇಳಿಸುವಾಗ ಚಾಲಕರು ಕ್ಲಚ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಒಮ್ಮೆ ಆಕ್ಸಿಲರೇಟರ್ ಒತ್ತಿ, ಮತ್ತೆ ಕ್ಲಚ್ ತುಳಿಯುತ್ತಿದ್ದರು. ಆ ಕ್ಷಣದ ಏರುದನಿಯಲ್ಲೇ ಅವರ ಕಾಲು ಎಷ್ಟು ಪಳಗಿದೆಯೆಂದು ತಿಳಿಯುತ್ತಿತ್ತು. ಹಳೆಯ ಎಂಜಿನ್‌ಗಳಲ್ಲಿ ಪಂಪು ಡೀಸೆಲ್ಲನ್ನು ಒಂದೇ ಬಾರಿಗೆ ಸಿಲಿಂಡರಿಗೆ ಚಿಮ್ಮಿಸುತ್ತಿದ್ದುದರಿಂದ ಅದು ತಟ್ಟನೆ ಹೊತ್ತಿಕೊಂಡು ಕಟಕಟ ಸದ್ದು ಹುಟ್ಟುತ್ತಿತ್ತು. ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚು ಒತ್ತಡದ ಡೀಸೆಲ್ ಒದಗಿಸುವ ಇಂದಿನ ಕಾಮನ್ ರೈಲ್ ಎಂಜಿನ್‌ಗಳು ಮೊದಲು ತುಸು, ಬಳಿಕ ಉಳಿದಷ್ಟು ಚಿಮ್ಮಿಸುವುದರಿಂದ ಆ ಗಡಸುತನ ತಗ್ಗಿದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಹೊಸ ಲಾರಿಗಳ ಹೊಗೆಯೂ ಇಳಿದಿದೆ, ಅದು ಒಳ್ಳೆಯದೇ. ಕರ್ಕಶ ಹಾರ್ನಿನ ಪರವಾಗಿಯಂತೂ ನಾನು ವಾದಿಸುತ್ತಿಲ್ಲ.

ಆದರೆ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಬೇರಿಂಗ್ ಸವೆದಿರುವುದನ್ನು ಪತ್ತೆಹಚ್ಚುವ ಹಿರಿಯ ಮೆಕ್ಯಾನಿಕ್‌ಗಳು ನಮ್ಮ ನಡುವೆ ಇರುವಾಗಲೇ, ಈ ಸದ್ದುಗಳನ್ನು ಅವರ ವಿವರಣೆಯೊಂದಿಗೆ ಧ್ವನಿಮುದ್ರಿಸಿ ಐಟಿಐ ವಿದ್ಯಾರ್ಥಿಗಳಿಗೆ ಒದಗಿಸುವ ಕೆಲಸವನ್ನು ಜಿಲ್ಲಾಡಳಿತ ಕೈಗೆತ್ತಿಕೊಳ್ಳಬೇಕು. ಗುಜರಿ ಸೇರದೆ ಉಳಿದಿರುವ ಲಾರಿಗಳ ಮಾಲೀಕರೂ ಇದಕ್ಕೆ ಸಹಕರಿಸಬೇಕೆಂದು ಕೋರುತ್ತೇನೆ.

– ಓದುಗ, ಬಳ್ಳಾರಿ