ಓವರ್‌ಡ್ರೈವ್, ಬೂಸ್ಟ್ ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳು ಹತ್ತಿರ ಬಂದಿವೆ, ಯಾವ ಗಿಟಾರ್ ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ) ತಗೊಳ್ಳಲಿ ಅಂತ ಹಲವರು ಕೇಳ್ತಿದ್ದೀರಿ. ದುಡ್ಡು ಕೊಡುವ ಮೊದಲು ದಯವಿಟ್ಟು ಇದನ್ನು ಓದಿ.

ಮೊದಲು ನಿಮ್ಮ ಆಂಪ್ (ಆಂಪ್ಲಿಫೈಯರ್) ನೋಡಿ. ನಮ್ಮಲ್ಲಿ ಹೆಚ್ಚಿನವರದು ವಾಲ್ವ್ (ಗಾಜಿನ ಟ್ಯೂಬ್) ಇಲ್ಲದ ಟ್ರಾನ್ಸಿಸ್ಟರ್ ಆಂಪ್. ಬೂಸ್ಟ್ ಪೆಡಲ್ ಸಿಗ್ನಲ್ ಏರಿಸುತ್ತದೆ ಅಷ್ಟೆ. ವಾಲ್ವ್ ಆಂಪ್‌ನಲ್ಲಿ ಅದರಿಂದ ಸದ್ದು ಹಿತವಾಗಿ ಒಡೆಯುತ್ತದೆ, ಅಂದರೆ ಡಿಸ್ಟಾರ್ಟ್ ಆಗುತ್ತದೆ. ಟ್ರಾನ್ಸಿಸ್ಟರ್ ಆಂಪ್‌ನ ಕ್ಲೀನ್ ಚಾನೆಲ್ ಜೋರಾಗುತ್ತದೆ, ಮಿತಿ ಮೀರಿದರೆ ಕರ್ಕಶ. ಹಾಗಾಗಿ ಮೊದಲ ಪೆಡಲ್, ಸದ್ದನ್ನು ತಾನೇ ಒಡೆಯುವ ಓವರ್‌ಡ್ರೈವ್ ಆಗಿರಲಿ.

ಐಬನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಅನ್ನೋ ಓವರ್‌ಡ್ರೈವ್ ಬೇಸ್ ತಗ್ಗಿಸಿ ಮಿಡ್ (ನಡುವಿನ ಸ್ವರಗಳು) ಎತ್ತುತ್ತದೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಮೂಗಿನಲ್ಲಿ ಹಾಡಿದಂತೆ ಅನಿಸಬಹುದು. ಆದರೆ ಕೀಬೋರ್ಡ್, ರಿದಂ ಪ್ಯಾಡ್, ಬೇಸ್ ಗಿಟಾರ್ ಎಲ್ಲ ಸೇರಿದ ವೇದಿಕೆಯಲ್ಲಿ ನಿಮ್ಮ ಲೀಡ್ ಕೇಳಿಸುವುದೇ ಆ ಮಿಡ್‌ನಿಂದ. ಅಂಗಡಿಯಲ್ಲಿ ಒಂಟಿಯಾಗಿ ಕೇಳಿ ಬೇಡ ಅನ್ನಬೇಡಿ. 1981ರಲ್ಲಿ ಬಂದ ಬಾಸ್ ಎಸ್‌ಡಿ-1 ಕೂಡ ಹೆಚ್ಚುಕಡಿಮೆ ಇದೇ ಜಾತಿಯದು, ಬೆಲೆಯೂ ಕಡಿಮೆ. ಹೊಸಬರಿಗೆ ನಾನು ಹೇಳುವುದು ಅದನ್ನೇ. ಅದೇ ಕಂಪನಿಯ ಬ್ಲೂಸ್ ಡ್ರೈವರ್ ಬೇರೆ ಸ್ವಭಾವದ್ದು: ಟ್ರೆಬಲ್ ಜಾಸ್ತಿ, ಪಿಕ್‌ನ ಏಟಿಗೂ ಗಿಟಾರಿನ ವಾಲ್ಯೂಮ್‌ಗೂ ತಕ್ಷಣ ಸ್ಪಂದಿಸುತ್ತದೆ.

ಬೂಸ್ಟ್ ಆಮೇಲೆ ತಗೊಳ್ಳಿ. ಓವರ್‌ಡ್ರೈವ್‌ಗೆ ಮುಂಚೆ ಇಟ್ಟರೆ ಡ್ರೈವ್ ಹೆಚ್ಚುತ್ತದೆ, ನಂತರ ಇಟ್ಟರೆ ಸೋಲೋಗೆ ವಾಲ್ಯೂಮ್ ಸಿಗುತ್ತದೆ.

ಈ ಪೆಡಲ್‌ಗಳಿಗೆ 9 ವೋಲ್ಟ್, ನಡುವೆ ನೆಗೆಟಿವ್ ಇರುವ ಅಡಾಪ್ಟರ್ ಬೇಕು. ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ, ಪೆಡಲ್ ಸುಟ್ಟುಹೋಗಬಹುದು.

ಭಾನುವಾರ ಸಂಜೆ ಎಸ್.ಎಸ್. ಪುರಂನ ಪ್ರಾಕ್ಟೀಸ್‌ಗೆ ನಿಮ್ಮ ಗಿಟಾರ್ ತನ್ನಿ. ಪೆಡಲ್ ಇರುವವರು ಅದನ್ನೂ ತಂದರೆ ಪೂರ್ತಿ ಬ್ಯಾಂಡ್ ಜೊತೆಗೇ ನುಡಿಸಿ ನೋಡೋಣ.