ಸೀಟಿನ ಎತ್ತರ ಸರಿಪಡಿಸಿದ ಆ ಹಿರಿಯರಿಗೆ

ಮೈಸೂರಿನಿಂದ ಊಟಿಗೆ ನಮ್ಮ ಗುಂಪು ಸೈಕಲ್ಲಿನಲ್ಲಿ ಹೊರಡುವ ಹಿಂದಿನ ಸಂಜೆ, ಅಭ್ಯಾಸದ ವೇಳೆ ಮಂಡಿಯ ಮುಂಭಾಗದಲ್ಲಿ ಶುರುವಾಗಿದ್ದ ನೋವು ಇಳಿಯದೆ, ಮಸಿನಗುಡಿ ದಾಟಿದ ಮೇಲೆ ಎದುರಾಗುವ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ನೆನೆದೇ ನನ್ನ ಧೈರ್ಯ ಕುಸಿದಿತ್ತು. ಬ್ರೇಕ್ ಬಿಗಿ ಮಾಡಿಸಲು ಹೋದ ಪುಟ್ಟ ಸೈಕಲ್ ಶಾಪಿನ ಹಿರಿಯರು, ಬಾಗಿಲು ಹಾಕುವ ಹೊತ್ತಾಗಿದ್ದರೂ, ನಾನು ಕುಂಟುವುದನ್ನು ಗಮನಿಸಿ, ಗೋಡೆ ಹಿಡಿದು ಸೈಕಲ್ ಏರುವಂತೆ ಹೇಳಿ, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಡಿಸಿದರು. ಕಾಲು ನೇರವಾಗದೆ ಮಡಿಚಿಯೇ ಇದ್ದುದನ್ನು ಕಂಡು ಸೀಟನ್ನು ಎರಡು ಬೆರಳಿನಷ್ಟು ಎತ್ತರಿಸಿ, ಗುರುತಿಗೆಂದು ಕಂಬಿಗೆ ಟೇಪು ಸುತ್ತಿದರು. ಸವೆದ ಬ್ರೇಕ್ ರಬ್ಬರ್ ಬದಲಿಸುತ್ತಲೇ, “ಏರಿನಲ್ಲಿ ಬೇರೆಯವರ ವೇಗ ನೋಡಬೇಡಿ, ಹಗುರ ಗೇರಿನಲ್ಲಿ ನಿಮ್ಮ ಉಸಿರಿಗೆ ತಕ್ಕಂತೆ ತುಳಿಯಿರಿ” ಎಂದರು. ರಬ್ಬರಿಗಷ್ಟೇ ಹಣ ಪಡೆದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಹೆಸರು ತಿಳಿಯದ ಅವರಿಗೆ ನನ್ನ ಧನ್ಯವಾದಗಳು. ಊಟಿ ತಲುಪುವವರೆಗೂ ಮಂಡಿ ತಕರಾರು ಮಾಡಲಿಲ್ಲ.